ಬಾಕಿ ಮನೆ

ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದೆ
ನನ್ನ ಸರ್ವೆ ಪುಸ್ತಕದಲ್ಲಿ ಇಲ್ಲದ ಸಂದಿ.
ತಗಡಿನ ಬಾಗಿಲು, ನಂಬರಿಲ್ಲ.
ಬೆಳಗಿನ ಐದಕ್ಕೇ ಒಳಗೆ ಬಾಣಿ ಕುದಿಯುತ್ತಿರುತ್ತದೆ,
ಬೆಂದ ಹುಳುವಿನ ವಾಸನೆ
ಉಗಿಗಿಂತ ಮೊದಲು ಹೊರಗೆ ಬಂದು
ಯಾರು ಬೇಕು ಅಂತ ಕೇಳುತ್ತದೆ.

ಖಮರುನ್ನೀಸಾಳ ಬೆರಳ ತುದಿಗಳು
ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿ
ತಮ್ಮ ಗೆರೆಗಳನ್ನೇ ಬಿಚ್ಚಿ ಕೊಟ್ಟುಬಿಟ್ಟಿವೆ.
ಆಸ್ಪತ್ರೆ ಕಾರ್ಡಿಗೆ ಅಂತ ಹೋದರೆ ಮೆಷಿನ್ನು
ಮೂರು ಸಲ ಕೆಂಪು ದೀಪ ತೋರಿಸಿತಂತೆ,
ಬೆರಳಿಲ್ಲ, ಹೋಗಮ್ಮ, ಅಂದರಂತೆ.
"ಬೆರಳೇ ಇಲ್ಲ ಅಂದ್ರೆ ಇಷ್ಟು ನೂಲು ಯಾರು ಬಿಚ್ಚಿದ್ದು ಸಿಸ್ಟರ್?"
ನಗಲು ಹೋಗಿ ಕೆಮ್ಮಿದಳು.
ಕೆಮ್ಮು ಮುಗಿಯುವ ತನಕ
ಗೋಡೆ ಕ್ಯಾಲೆಂಡರಿನ ತಾರೀಖು ಓದುತ್ತ ನಿಂತೆ,
ಹೋದ ವರ್ಷದ್ದು.

ಆ ಕೆಮ್ಮು ನನಗೆ ಹೊಸದಲ್ಲ.
ಚಾಂಪಿಯನ್ ರೀಫ್ಸಿನ ಲೈನು ಮನೆಯಲ್ಲಿ
ಅಪ್ಪನ ಎದೆ ಹೀಗೇ ರಾತ್ರಿಯಿಡೀ ಗಣಿ ತೋಡುತ್ತಿತ್ತು.
ಚೀಟಿಯಲ್ಲಿ ಕ್ಷಯ ಅಂತ ಬರೆದರು,
ಧೂಳು ಅಂತ ಬರೆದಿದ್ದರೆ
ಯಾರಾದರೂ ದುಡ್ಡು ಕೊಡಬೇಕಾಗುತ್ತಿತ್ತು.
ಅವನ ಆಸ್ಪತ್ರೆ ಸಾಲಕ್ಕೆ ನಾನು ಹುದೈದಾಕ್ಕೆ ಹೋದೆ,
ಯೆಮನ್ನಿನ ಬಂದರಿಗೆ, ನರ್ಸಾಗಿ.
ಯುದ್ಧ ಬಂದು ನಮ್ಮವರೆಲ್ಲ ಹಡಗು ಹತ್ತಿದಾಗ
ಏಳು ತಿಂಗಳ ಸಂಬಳ ಬಾಕಿ ಇತ್ತು,
ಉಳಿದೆ. ಧೈರ್ಯವೇನಲ್ಲ.

ಆಮೇಲೆ ಕಾಲರಾ.
ಡೇರೆ. ಮಂಚದ ನಡುವೆ ತೂತು, ಕೆಳಗೆ ಗೆರೆ ಎಳೆದ ಬಕೆಟ್ಟು.
ಎಷ್ಟು ಹೋಯಿತು ನೋಡು, ಅಷ್ಟು ಕುಡಿಸು.
ಇಷ್ಟೇ ವಿದ್ಯೆ; ಇಷ್ಟಕ್ಕೂ ಒಳ್ಳೆ ನೀರು ಬೇಕು.
ಪಂಪ್‌ಹೌಸಿಗೆ ಬಾಂಬು ಬಿದ್ದಿತ್ತು.
ಶಾಲೆಯ ಟ್ಯಾಂಕಿನಿಂದ ಹೊತ್ತು ತಂದು, ಸೋಸಿ,
ಗುಳಿಗೆ ಹಾಕಿ ಅರ್ಧ ಗಂಟೆ ಕಾಯುವಷ್ಟರಲ್ಲಿ
ಒಂದೊಂದು ಸಲ ಮಂಚ ಖಾಲಿ.

ಖಾಲಿ. ಅವರಿಗೂ ಅದು ಖಾಲಿಯೇ.
ಅರಬ್ಬಿ ಬಾರದ ನನಗೆ ಕತ್ತಲಲ್ಲಿ ತಡಕಿದಾಗ
ಪರಿಚಯದ ಮಾತುಗಳೇ ಕೈಗೆ ಸಿಕ್ಕವು,
ಖಲಾಸ್ ಅಂದಾಗ ಯಾರೂ ಅರ್ಥ ಹೇಳಿಕೊಡಬೇಕಾಗಲಿಲ್ಲ.
ಒಂದು ಪೆಟ್ಟಿಗೆ ಔಷಧಿ ದಾಟಲಾರದ ಕಡಲನ್ನು
ಇವು ಯಾವ ಕಾಲದಲ್ಲಿ ದಾಟಿ ಬಂದು
ನಮ್ಮ ತಾಲ್ಲೂಕು ಕಚೇರಿಯಲ್ಲಿ ಕೂತವೋ.

ತಕಿಯಾ ಅಂತ ಒಬ್ಬಳು.
ಓಆರೆಸ್ ಪೊಟ್ಟಣ ಎತ್ತಿ ಹಿಡಿದು
ಹಕ್ಕ್ ಮನ್? ಅಂದಳು. ಯಾರದಿದು?
ಮಗುವಿನ ಕಡೆ ಕೈ ತೋರಿಸಿದೆ.
ನಂಬಲಿಲ್ಲ. ಎದೆಗೆ ಒತ್ತಿಕೊಂಡು, ಮೆಲ್ಲಗೆ,
ಹಕ್ಕೀ? ಅಂದಳು.
ನನ್ನದಾ? ಅಂತ ಅದರ ಅರ್ಥ.
ನನಗಾಗ ಗೊತ್ತಿರಲಿಲ್ಲ, ಹಕ್ಕಿ ಎಲ್ಲಿ ಅಂತ
ಡೇರೆಯ ಸೂರು ನೋಡಿದೆ.
ಅವಳೂ ನೋಡಿದಳು.
ಬರೀ ಬಲ್ಬು, ಸುತ್ತ ನೊಣ.

ನಿನ್ನೆ ತಿಂಗಳ ಮೀಟಿಂಗು.
ನಮ್ಮ ವಾರ್ಡು ನೂರಕ್ಕೆ ನೂರು, ಹಸಿರು ಬಣ್ಣ,
ಕ್ಷಯದ ಸರ್ವೆಯಲ್ಲಿ ಬಾಕಿ ಮನೆ: ಸೊನ್ನೆ.
ನಂಬರಿದ್ದರೆ ತಾನೆ ಮನೆ,
ಮನೆಯಿದ್ದರೆ ತಾನೆ ಬಾಕಿ.
ಚಪ್ಪಾಳೆ, ಬಾದಾಮಿ ಹಾಲು.
ನಾನೂ ಕುಡಿದೆ. ಸಿಹಿಯಾಗಿತ್ತು.

ಇವತ್ತು ಪುಸ್ತಕದ ಕೊನೆಗೆ ಸ್ಕೇಲಿಲ್ಲದೆ ಸಾಲೊಂದು ಎಳೆದು
ಅವಳ ಹೆಬ್ಬೆಟ್ಟು ಒತ್ತಿಸಿದೆ.
ಗೆರೆಯಿಲ್ಲದ ನೀಲಿ, ನುಣ್ಣಗೆ,
ಈಗಷ್ಟೇ ಬಿದ್ದ ನೀರ ಹನಿಯ ಹಾಗೆ.
ಸಾಹೇಬರು ಕನ್ನಡಕ ಏರಿಸಿಕೊಂಡು
ಇದು ಯಾರದ್ರೀ ಸಗಾಯಮೇರಿ? ಅಂದರು.
ಹಕ್ಕೀ, ಅಂದುಬಿಟ್ಟಿತು ಬಾಯಿ.
ಅವರು ಕಿಟಕಿಯಾಚೆ ನೋಡಿದರು.

ಕಫದ ಡಬ್ಬಿ ಮಧ್ಯಾಹ್ನದ ಬಸ್ಸಿಗೆ
ಚಿಕ್ಕಬಳ್ಳಾಪುರಕ್ಕೆ ಹೋಯಿತು.
ವರದಿ ಬಾಕಿ.